ಚಹಾದ ಜೊತೆ ಕೊಟ್ಟ ಗುಳಿಗೆ

ನಮ್ಮ ಓಣಿಯ ದುರುಗವ್ವ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಹರೆಯ ಸವೆಸಿದವಳು. ಬೆಂಕಿಯ ಪಕ್ಕ ನಿಂತು ಬಿಸಿ ಮರಳಿನಿಂದ ಮಂಡಕ್ಕಿ ಜರಡಿ ಹಿಡಿಯುವ ಕೆಲಸ. ಸಂಜೆಯಾದರೆ ತೋಳು ತನ್ನದಲ್ಲ. ಭಟ್ಟಿಯ ಮೇಸ್ತ್ರಿ ಕುಬೇರಪ್ಪ ಬಲು ಧರ್ಮಾತ್ಮ. ಮಧ್ಯಾಹ್ನದ ಚಹಾದ ಜೊತೆ ಹೆಂಗಸರಿಗೆಲ್ಲ ಒಂದೊಂದು ನೋವಿನ ಗುಳಿಗೆ ಹಂಚುತ್ತಿದ್ದ, ಅದೂ ಪುಕ್ಕಟೆ. ಯಾವ ಗುಳಿಗೆ, ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಕೈನೋವು ಹೋಗುತ್ತಿತ್ತು, ಇನ್ನಷ್ಟು ಮೂಟೆ ತುಂಬುತ್ತಿದ್ದವು. ಧರ್ಮಕ್ಕೆ ಅಷ್ಟು ಲಾಭ ಸಾಕಲ್ಲ!

ನಮ್ಮ ಕಡೆಯ ತಾಯಂದಿರದೊಂದು ರೂಢಿ. ಕೆಲಸದ ಜಾಗದಲ್ಲಿ ಯಾರು ಏನು ಕೊಟ್ಟರೂ, ಮಿರ್ಚಿಯಾಗಲಿ ಬೂಂದಿಯಾಗಲಿ, ತಾವು ತಿನ್ನದೆ ಸೆರಗಿಗೆ ಗಂಟು ಹಾಕಿ ಮಕ್ಕಳಿಗೆ ತರುತ್ತಾರೆ. ದುರುಗವ್ವ ಗುಳಿಗೆಯನ್ನೂ ಹಾಗೆಯೇ ತಂದಳು. ಮಗ ನಿಂಗರಾಜ್ ಹರಿಹರದಲ್ಲಿ ಹಮಾಲಿ ಮಾಡುತ್ತಿದ್ದ. ಮೂಟೆ ಹೊತ್ತು ಹೊತ್ತು ಅವನ ಬೆನ್ನು ಬಿದ್ದುಹೋಗಿತ್ತು. ತನ್ನ ನೋವು ತಾನು ತಡೆದುಕೊಂಡು ಮಗನಿಗೆ ಕೊಟ್ಟಳು.

ಬರಬರುತ್ತಾ ತಾಯಿ ತರುವುದು ಅವನಿಗೆ ಸಾಲದಾಯಿತು. ಅದೇ ಗುಳಿಗೆಯನ್ನು ಡಾಕ್ಟರ ಚೀಟಿ ಇಲ್ಲದೆ ಕದ್ದು ಮಾರುವವನೊಬ್ಬನನ್ನು ಹರಿಹರದಲ್ಲೇ ಹುಡುಕಿಕೊಂಡ. ಒಂದು ಭಾನುವಾರ ಮಧ್ಯಾಹ್ನ ಜೋರಾಗಿ ಗೊರಕೆ ಹೊಡೆಯುತ್ತಾ ಮಲಗಿದ್ದವನನ್ನು ಹೆಂಡತಿ ಸುಮಾ ಊಟಕ್ಕೆ ಎಬ್ಬಿಸಲು ಹೋದಳು.

"ಎಬ್ಬಿಸಬ್ಯಾಡ, ದಣಿದಾನ. ಮಲಗ್ಲಿ ಬಿಡು," ಎಂದಳು ದುರುಗವ್ವ.

ಗೊರಕೆ ನಿಂತಾಗ ಒಳ್ಳೆಯ ನಿದ್ದೆ ಹತ್ತಿತು ಎಂದುಕೊಂಡರು. ಸಂಜೆ ಎಬ್ಬಿಸಿದರೆ ಏಳಲಿಲ್ಲ; ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮೈ ತಣ್ಣಗಾಗಿತ್ತು. "ಇದು ಅಫೀಮಿನ ಜಾತಿಯ ಗುಳಿಗೆ, ಹೆಚ್ಚಾದರೆ ಉಸಿರು ನಿಲ್ಲಿಸುತ್ತೆ. ಆ ಗೊರಕೆ ನಿದ್ದೆಯದಲ್ಲಮ್ಮ, ಆಗಲೇ ತಂದಿದ್ದರೆ ಉಳಿಸಬಹುದಿತ್ತು," ಎಂದರು ಡಾಕ್ಟರು.

ದುರುಗವ್ವ ನೆಟ್ಟಗೆ ಭಟ್ಟಿಗೆ ಹೋಗಿ ಮೇಸ್ತ್ರಿಯ ಕೈಯಲ್ಲಿದ್ದ ಗುಳಿಗೆಗಳನ್ನು ಕಿತ್ತು ಒಲೆಗೆ ಎಸೆದಳು.

"ಇದನ್ನ ತಿಂದೇ ನನ್ನ ಮಗ ಸತ್ತಾನ, ತಿನ್ನಬ್ಯಾಡ್ರವ್ವಾ!"

ಹೆಂಗಸರು ಅವಳ ಮೇಲೆಯೇ ಬಿದ್ದರು. ನಿಂಗರಾಜನನ್ನು ಎತ್ತಿ ಆಡಿಸಿದ್ದ ಕಾಳವ್ವನೇ ಮುಂದೆ ಬಂದಳು. "ನಿನ್ನ ಮಗ ಮಿತಿಮೀರಿ ನುಂಗಿದ್ರೆ ನಮ್ಮ ಹೊಟ್ಟಿ ಮ್ಯಾಲೆ ಯಾಕ ಹೊಡಿತೀ? ಇದಿಲ್ದೆ ಕೈ ಹೆಂಗೆ ಏಳ್ತಾವ?"

ಪೊಲೀಸರು ಬಂದು ವಿಚಾರಿಸಿದರೆ ಒಬ್ಬಳೂ ಬಾಯಿ ಬಿಡಲಿಲ್ಲ. ಥೂ, ಇಂಥವರ ನಡುವೆ ನಾನೂ ಬಾಳುತ್ತಿದ್ದೇನೆ. ಕುಬೇರಪ್ಪ ದುರುಗವ್ವನನ್ನು ಕೆಲಸದಿಂದ ತೆಗೆದ.

ಮನೆಯ ಒಲೆ ಉರಿಯಬೇಕಲ್ಲ. ಬೇರೆಲ್ಲೂ ಕೆಲಸ ಸಿಗದೆ ಸುಮಾ ಅದೇ ಭಟ್ಟಿಗೆ ಹೋಗಬೇಕಾಯಿತು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅತ್ತೆ ಹೇಳುತ್ತಿದ್ದಳು: "ಚಾ ಕುಡಿ. ಗುಳಿಗಿ ಮಾತ್ರ ಮುಟ್ಟಬ್ಯಾಡ. ನನಗ ಉಳಿದಾಕಿ ನೀನೊಬ್ಬಾಕಿ."

ಮೊನ್ನೆ ಸಂಜೆ ಸುಮಾ ಎಂದಿನಂತೆ ತೋಳು ಹಿಡಿದುಕೊಂಡು ಬರಲಿಲ್ಲ. ಏನೋ ಹಾಡು ಗುನುಗುತ್ತಾ ಬಂದಳು. ದುರುಗವ್ವ ಬಾಗಿಲಿಗೆ ಅಡ್ಡ ನಿಂತಳು.

"ತಗೊಂಡೀಯೇನೇ?"

"ಒಂದೇ ಅತ್ತಿ. ಎಲ್ರೂ ತಗೊಂತಾರ."

ದುರುಗವ್ವ ಸೊಸೆಯ ಕೆನ್ನೆಗೆ ಬಾರಿಸಿದಳು. ಓಣಿಗೆಲ್ಲ ಕೇಳಿಸಿತು. ಸುಮಾ ಕೆನ್ನೆ ಸವರಿಕೊಂಡು ನಕ್ಕಳು.

"ಒಂಚೂರೂ ನೋವಾಗ್ಲಿಲ್ಲ ಅತ್ತಿ."