ನೂರು ಉಸಿರು

ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದ ಮೇಲೆ ಅದರಲ್ಲಿಟ್ಟ ನೀರಿಗೆ ಒಂದು ವಾಸನೆ ಬರುತ್ತದೆ. ಸ್ವಲ್ಪ ಹುಳಿ, ಸ್ವಲ್ಪ ಲೋಹ. ಘಣಸೋಲಿಯ ನಮ್ಮ ಹನ್ನೊಂದನೆಯ ಮಹಡಿಯ ಅಡುಗೆಮನೆಯಲ್ಲಿ ಬೆಳಿಗ್ಗೆ ಎದ್ದು ಆ ನೀರನ್ನು ಬಾಯಿಗೆ ತುಂಬಿಕೊಂಡರೆ ಸಾಕು, ನಾನು ಶಹಾಡಿನ ಚಾಳಿನಲ್ಲಿ ಒಂಬತ್ತು ವರ್ಷದವಳಾಗಿ ನಿಂತಿರುತ್ತೇನೆ. ಆ ಚಾಳು ಈಗಿಲ್ಲ. ಅದಿದ್ದ ಜಾಗದಲ್ಲಿ ಟೆಂಪೋ ನಿಲ್ಲಿಸುತ್ತಾರೆ. ನಿಮ್ಮ ಬಾಲ್ಯದ ಮನೆಯೂ ಹೀಗೆ ಹೋಗಿದ್ದರೆ, ಆ ಜಾಗ ದಾಟುವಾಗ ಕಣ್ಣು ತಾನಾಗಿಯೇ ಬಾಗಿಲು ಹುಡುಕುವುದು ನಿಮಗೂ ಗೊತ್ತಿರುತ್ತದೆ.

ಮುಂದೊಂದು, ಹಿಂದೊಂದು, ನಮ್ಮದು ಎರಡೇ ಖೋಲಿ. ಅಪ್ಪ ಗೋದಾಮಿನ ಲೋಡಿಂಗಿಗೆ, ಅವ್ವ ಪ್ಯಾಕಿಂಗ್ ಕೆಲಸಕ್ಕೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಶಾಂತತ್ತಿ, ಅಪ್ಪನ ಅಕ್ಕ. ವಿಜಯಪುರದ ಕಡೆಯಿಂದ ಬಂದವಳು ವರ್ಷಗಟ್ಟಲೆ ಹತ್ತಿಯ ವೇಸ್ಟು ಆರಿಸುವ ಶೆಡ್ಡಿನಲ್ಲಿ ಕೂತು ಎದೆಗೆ ದಮ್ಮು ಹತ್ತಿಸಿಕೊಂಡಿದ್ದಳು. ಅವಳು ಉಸಿರಾಡಿದರೆ ಒಂದು ಸಣ್ಣ ಸಿಳ್ಳೆ ಕೇಳುತ್ತಿತ್ತು. ಕತ್ತಲೆ ಖೋಲಿಯಲ್ಲಿ ಅವಳು ಎಲ್ಲಿದ್ದಾಳೆಂದು ಆ ಸಿಳ್ಳೆಯಿಂದಲೇ ತಿಳಿಯುತ್ತಿದ್ದೆವು. ದವಾಖಾನೆಯವರು ಕೊಟ್ಟ ದಮ್ಮಿನ ಪಂಪು ಮುಂದಿನ ಖೋಲಿಯ ಗೂಡಿನಲ್ಲಿರುತ್ತಿತ್ತು. ದಮ್ಮು ಏರಿದಾಗ ಓಡಿಹೋಗಿ ಅದನ್ನು ಅವಳ ಕೈಗೆ ಕೊಡುವುದು ನನ್ನ ಕೆಲಸವಾಗಿತ್ತು.

ನಾನೋ ಬಾಯಿ ತೆರೆದುಕೊಂಡೇ ಹುಟ್ಟಿದವಳು. ಮಲಗಿದರೂ ಬಾಯಿ, ಓಡಿದರೂ ಬಾಯಿ. ವರ್ಷವಿಡೀ ನೆಗಡಿ, ಕೆಮ್ಮು. ಶಾಂತತ್ತಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಏ ಹುಡುಗಿ, ಬಾಯಿ ಮುಚ್ಚ! ಮೂಗಿಗೆ ದೇವ್ರು ಜರಡಿ ಇಟ್ಟಾನ, ಬಾಯಿಗೆ ಏನಿಟ್ಟಾನ? ಊರ ಅಗಸಿ ಬಾಗ್ಲ ತೆರದಂಗ ತೆರಕೊಂಡು ಮಲಗಿದ್ರ ಎಂಥೆಂಥಾವ್ರು ಒಳಗ ಬರ್ತಾರ ಗೊತ್ತದನು?" ಯಾರು ಬರುತ್ತಾರೆಂದು ಅವಳು ಎಂದೂ ಹೇಳಲಿಲ್ಲ. ನಾನು ಚಾದರದೊಳಗೆ ತುಟಿ ಬಿಗಿಹಿಡಿದು ಮಲಗುತ್ತಿದ್ದೆ. ದವಾಖಾನೆಯ ನರ್ಸ್‌ಬಾಯಿ ಅವಳಿಗೆ ಕಲಿಸಿದ್ದನ್ನು ಅವಳು ನನಗೆ ಕಲಿಸಿದಳು: ಹೊಟ್ಟೆಯ ಮೇಲೆ ಕೈಯಿಟ್ಟು, ಎದೆಯಲ್ಲ ಹೊಟ್ಟೆ ಉಬ್ಬುವಂತೆ ಮೂಗಿನಿಂದ ಉಸಿರೆಳೆಯಬೇಕು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಅದಕ್ಕೆ ತನ್ನದೊಂದು ಸೇರಿಸಿದಳು, ಬಾಯಿ ತುಂಬ ನೀರು. ಊರಲ್ಲಿ ಮೆಣಸಿನಕಾಯಿ ಕುಟ್ಟುವಾಗ ಹೆಂಗಸರು ಹಾಗೆ ಮಾಡುತ್ತಿದ್ದರಂತೆ. ನೀರು ನುಂಗದೆ, ಉಗುಳದೆ ನೂರು ಉಸಿರು ಎಣಿಸಿದರೆ ಒಂದು ಶೇಂಗಾ ಉಂಡಿ.

ಆ ಉಂಡಿ ನನಗೆ ಎಂದೂ ಸಿಗಲಿಲ್ಲ. ಅತ್ತಿ ಮಹಾ ಮೋಸಗಾತಿ. ನಾನು ಮುಂದಿನ ಖೋಲಿಯಲ್ಲಿ ಗೋಡೆಗೆ ಮುಖಮಾಡಿ ಎಣಿಸುತ್ತಿದ್ದರೆ ಅಡುಗೆ ಖೋಲಿಯಿಂದ ಕೂಗುವಳು, "ಸುಮೀ, ನಿಮ್ಮಪ್ಪ ಬಂದ ನೋಡ!", "ಸುಮೀ, ಚೇಳು ಚೇಳು!" ನಾನು "ಆಂ?" ಎಂದರೆ ನೀರೆಲ್ಲ ಲಂಗದ ಮೇಲೆ. ಅವಳು ಸಿಳ್ಳೆಯ ನಡುವೆಯೇ ನಗುತ್ತಿದ್ದಳು. "ಯಾರ ಕರದ್ರೂ ಓ ಅನಬಾರ್ದಂತ ಹೇಳಿಲ್ಲೇನ?"

ಅವತ್ತು ಮಧ್ಯಾಹ್ನ ಲೈಟು ಹೋಗಿತ್ತು. ಚಾಳಿನವರೆಲ್ಲ ಕೆಲಸಕ್ಕೆ ಹೋಗಿದ್ದರು. ಫ್ಯಾನು ನಿಂತ ಮೇಲೆ ಮನೆಯಲ್ಲಿ ಉಳಿದದ್ದು ಎರಡೇ ಸದ್ದು, ಅವಳ ಸಿಳ್ಳೆ ಮತ್ತು ನನ್ನ ಮೂಗಿನದು. ಅರವತ್ತೊಂದನೆಯ ಉಸಿರಿಗೆ ಅವಳು ಅಡುಗೆ ಖೋಲಿಯಿಂದ ಕರೆದಳು. "ಸುಮೀ." ಒಂದೇ ಸಲ, ಮೆಲ್ಲಗೆ. ಅಪ್ಪನಿಲ್ಲ, ಚೇಳಿಲ್ಲ, ಬರೀ ಹೆಸರು. ಇದು ಹೊಸ ಮೋಸ ಎಂದುಕೊಂಡು ನಾನು ನೀರು ತುಂಬಿದ ಕೆನ್ನೆಯಲ್ಲೇ ನಕ್ಕೆ. ಎಂಬತ್ತರ ಹತ್ತಿರ ಸಿಳ್ಳೆ ನಿಂತಿತು. ನಾನು ಸೋಲುತ್ತೇನೋ ಎಂದು ಉಸಿರು ಹಿಡಿದು ಕಿವಿಗೊಟ್ಟಿದ್ದಾಳೆ ಎಂದುಕೊಂಡೆ. ಅಷ್ಟು ನಿಶ್ಶಬ್ದವಾದ ಮನೆಯನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಬೆನ್ನ ಹಿಂದೆ ಯಾರೋ ಬಂದು ನಿಂತಂತಾಯಿತು, ತಿರುಗಲಿಲ್ಲ. ನೂರು ಮುಗಿಸಿ, ಕೆನ್ನೆ ಉಬ್ಬಿಸಿಕೊಂಡು ಒಳಗೆ ಹೋದೆ. ಅತ್ತಿ ಹಿಟ್ಟಿನ ಡಬ್ಬಿಗೆ ಒರಗಿ ಬಾಗಿಲ ಕಡೆಗೇ ನೋಡುತ್ತ ಕೂತಿದ್ದಳು. ಒಂದು ಕೈ ನನ್ನ ಕಡೆಗೆ ಚಾಚಿತ್ತು, ಅಂಗೈ ಮೇಲಾಗಿ. ಹಾಳಾದವಳು ನಾನು, ಆ ಅಂಗೈಯಲ್ಲಿ ಉಂಡಿ ಹುಡುಕಿದೆ.

ಪಂಪು ನನ್ನ ಬೆನ್ನ ಹಿಂದಿನ ಗೂಡಿನಲ್ಲೇ ಇತ್ತು.

"ಹೊತ್ತು ಬಂದಿತ್ತು, ಹೋದ್ಳು" ಎಂದರು ಬಂದವರು. ಅವ್ವ ಮಾತ್ರ ನನ್ನ ತಲೆ ಸವರುತ್ತ ಕೇಳಿದಳು, "ಅಕಿ ಕರೀಲಿಲ್ಲೇನ ನಿನ್ನ?" ಇಲ್ಲ ಎಂದೆ. ಆ ಸುಳ್ಳನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ, ಈಗ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಅಭ್ಯಾಸ ಬಿಡಲಿಲ್ಲ. ಬಾಯಿ ಮುಚ್ಚಿ ಮಲಗುವುದನ್ನು ಕಲಿತೆ, ನೆಗಡಿ ಬಿಟ್ಟಿತು, ಲೋಕಲ್ ರೈಲಿನ ನೂಕುನುಗ್ಗಲಿನಲ್ಲೂ ಹೊಟ್ಟೆಯಿಂದ ಉಸಿರೆಳೆದು ನಿಲ್ಲಬಲ್ಲೆ. ಎಲ್ಲ ಅವಳು ಕೊಟ್ಟದ್ದು. ಆದರೆ ಬಾಯಲ್ಲಿ ನೀರಿಟ್ಟುಕೊಂಡು ಎಣಿಸತೊಡಗಿದರೆ ಅರವತ್ತು ದಾಟುವಾಗ ಹಿಂದಿನಿಂದ ಒಂದೇ ಸಲ ಕೇಳುತ್ತಿತ್ತು, "ಸುಮೀ." ನಾನು ನೀರು ನುಂಗಿ "ಬಂದೆ ಅತ್ತಿ" ಎನ್ನುತ್ತಿದ್ದೆ. ಮದುವೆಯಾಗಿ ಈ ಮನೆಗೆ ಬಂದ ಮೇಲೂ ಅಷ್ಟೇ. ಅವತ್ತಿನಿಂದ ಒಮ್ಮೆಯೂ ನನ್ನ ಎಣಿಕೆ ನೂರು ಮುಟ್ಟಲಿಲ್ಲ.

ಈಗ ಮಗಳು ರಿಯಾಳಿಗೆ ಏಳು ವರ್ಷ. ಅವಳೂ ಬಾಯಿ ತೆರೆದು ಮಲಗುವವಳು. ಡಾಕ್ಟರು ಮೂಗಿನ ಉಸಿರು ರೂಢಿಯಾಗಲಿ ಎಂದಾಗ ನಾನು ತಂಬಿಗೆಯ ನೀರು ಕೊಟ್ಟೆ. ಅತ್ತಿಯ ಕಾಯಿದೆಯೊಂದನ್ನು ಮಾತ್ರ ಬದಲಿಸಿದೆ: ಯಾರು ಕರೆದರೂ ಮೊದಲು ನೀರು ಉಗುಳಬೇಕು, ಓ ಅನ್ನಬೇಕು, ಆಮೇಲೆ ಉಳಿದದ್ದು. ಮೊನ್ನೆ ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಬೇಸಿನ್ನಿಗೆ ನೀರು ಉಗುಳಿದ್ದು ಕೇಳಿಸಿತು. "ಓ! ಆಯೀ!", ಬಂದೆ ಎಂದು ಹಿಂದಿಯಲ್ಲೇ ಕೂಗುತ್ತ ಓಡಿ ಬಂದಳು. "ಮಮ್ಮಿ, ಬುಲಾಯಾ ಕ್ಯಾ?"

ನಾನು ಕರೆದಿರಲಿಲ್ಲ. ಮನೆಯಲ್ಲಿ ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ.

"ಹೂಂ, ನಾನೇ ಕರೆದೆ" ಎಂದೆ, ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡು.

"ಇತನಾ ಧೀರೇ ಕ್ಯೂಂ?" ಇಷ್ಟು ಮೆಲ್ಲಗೆ ಯಾಕೆ ಕರೆದದ್ದು ಎಂಬುದೇ ಅವಳ ತಕರಾರು.

ಮರುದಿನ ನಾನು ನೀರು ತುಂಬಿಕೊಂಡು ನಿಂತೆ. ಅರವತ್ತು ಬಂತು, ಅರವತ್ತೊಂದು ಬಂತು. ಕುಕ್ಕರ್ ಕೂಡ ಆಫ್ ಮಾಡಿ ಕಿವಿಗೊಟ್ಟೆ. ತೊಂಬತ್ತಾಯಿತು, ನೂರಾಯಿತು. ಯಾರೂ ಕರೆಯಲಿಲ್ಲ. ಅತ್ತೀ, ಮೋಸಕ್ಕಾದರೂ ಒಮ್ಮೆ ಕರಿ ಎಂದು ಒಳಗೊಳಗೇ ಬೇಡಿಕೊಂಡೆ. ಕಣ್ಣೀರು ಮುಚ್ಚಿದ ತುಟಿಯ ಮೇಲೆ ಇಳಿಯಿತು. ನೂರಕ್ಕೆ ನಿಲ್ಲಿಸಲಿಲ್ಲ. ಸ್ಕೂಲ್ ಬಸ್ಸಿಗೆ ಹೊತ್ತಾಯಿತೆಂದು ರಿಯಾ ಬಂದು ಕೈ ಎಳೆಯುವವರೆಗೂ ಎಣಿಸುತ್ತಲೇ ಇದ್ದೆ.