ಗಿಲಾವು ಹಚ್ಚದ ಗೋಡೆ

ಸದಾಶಿವನಗರದ ನಮ್ಮ ಮನೆಯ ಬಾಜು ಹೊಸ ಕಟ್ಟಡ ಏಳುತ್ತಿದೆ. ಸೆಂಟ್ರಿಂಗ್ ಹಲಗೆಗೆ ಬಳಿದ ಎಣ್ಣೆಯ ವಾಸನೆ ಕಿಟಕಿಯಿಂದ ಒಳಗೆ ಬಂದಾಗಲೆಲ್ಲ ನಾನು ಒಂಬತ್ತು ವರ್ಷದ ಹುಡುಗಿಯಾಗಿ ಅಪ್ಪನ ಅಂಗಿಗೆ ಮುಖ ಒತ್ತಿ ನಿಂತಿರುತ್ತೇನೆ. ಅಪ್ಪ ಸೆಂಟ್ರಿಂಗ್ ಮೇಸ್ತ್ರಿ. ಕಾಂಕ್ರೀಟು ಸುರಿಯುವ ಮೊದಲು ಹಲಗೆಯ ಅಚ್ಚು ಕಟ್ಟುವವನು. ವಡಗಾವಿಯ ನಮ್ಮ ಎರಡು ಖೋಲಿಯ ಮನೆಯಲ್ಲಿ ಅವ್ವ ಮಗ್ಗದ ಮುಂದೆ ಕೂತೇ ಅವನ ದಿನದ ಸುದ್ದಿಯನ್ನೆಲ್ಲ ಕೇಳುತ್ತಿದ್ದಳು. ಆ ವರ್ಷ ಅವ್ವ ಜ್ವರ ಬಂದು ತೀರಿಕೊಂಡಳು. ಅಪ್ಪ ಮಾತಾಡುವುದನ್ನೇ ಬಿಟ್ಟ.

ಬೇಸಿಗೆ ರಜೆಯಲ್ಲಿ ನನ್ನನ್ನು ಖಾನಾಪುರಕ್ಕೆ ಕರೆದುಕೊಂಡು ಹೋದ. ಅಲ್ಲೊಂದು ಚರ್ಚ್ ಕಟ್ಟುತ್ತಿದ್ದರು. ಗೋಪುರವಿಲ್ಲ, ಕಮಾನಿಲ್ಲ. ಕಾಂಕ್ರೀಟಿನ ದುಂಡನೆಯ ಗೋಡೆ, ನೆತ್ತಿಯಲ್ಲಿ ಬೆಳಕು ಬೀಳಲು ಒಂದು ಕಿಂಡಿ, ಅಷ್ಟೇ. ದಿನಾ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸುವ ಅಪ್ಪನಿಗೆ ಈ ದೇವರ ಮನೆ ಯಾಕೆ ಹೀಗೆಂದು ತಿಳಿಯದು. ಕೇಳಿದ್ದಕ್ಕೆ ಫಾದರ್ ಹೇಳಿದರು, "ದುಂಡಗ ಇದ್ರ ಯಾರೂ ಹಿಂದ ಉಳಿಯೂದಿಲ್ರಿ ಮೇಸ್ತ್ರಿ. ಎಲ್ಲಾರೂ ನಡುವಿನ ಪೂಜಿ ಮೇಜಿಗೆ ಅಷ್ಟಷ್ಟ ಸಮೀಪ." ಹಲಗೆ ಬಿಚ್ಚಿದ ದಿನ ಗೋಡೆಯ ಮೈತುಂಬ ಕಟ್ಟಿಗೆಯ ಎಳೆ, ಗಂಟು, ಮೊಳೆಯ ಗುರುತು ಮೂಡಿದ್ದವು. ಅಪ್ಪ ನಾಚಿಕೊಂಡ.

"ಮ್ಯಾಲ ಸಿಮೆಂಟ್ ಬಳದು ಗಿಲಾವು ಮಾಡಸ್ರಿ ಫಾದರ್. ಗುರುತೆಲ್ಲಾ ಕಾಣಾಕತ್ತಾವ."

"ಬ್ಯಾಡ್ರಿ, ಹಂಗ ಇರ್ಲಿ. ಇಲ್ಲಿ ಬರೋ ಮಂದೀನೂ ಮನಸ್ಸಿಗೆ ಗಿಲಾವು ಹಚ್ಚಿಕೊಂಡು ಬರೂದು ಬ್ಯಾಡ."

ಆ ಸಂಜೆ ನಾವು ತಂಗಿದ್ದ ಶೆಡ್ಡಿನಲ್ಲಿ ಅಪ್ಪ ಕಾಣದೆ ಹುಡುಕುತ್ತ ಹೋದೆ. ಖಾಲಿ ಚರ್ಚಿನ ನಡುವೆ, ಕಿಂಡಿಯಿಂದ ಬಿದ್ದ ಬೆಳಕಿನಲ್ಲಿ, ನೆಲದ ಮೇಲೆ ಕೂತು ಮಾತಾಡುತ್ತಿದ್ದ. ಎದುರಿಗೆ ಯಾರೂ ಇರಲಿಲ್ಲ. ದುಂಡು ಗೋಡೆಗಳು ದನಿಯನ್ನು ಸುತ್ತಿಸಿ ಕಲಸಿಬಿಡುತ್ತಿದ್ದವು, ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ಧಾಟಿ ಗೊತ್ತಾಯಿತು. ಅದು ಅವ್ವನಿಗೆ ಸುದ್ದಿ ಹೇಳುವ ಧಾಟಿ. ಓಡಿಹೋಗಿ ಪಕ್ಕದಲ್ಲಿ ಕೂರಬೇಕೆನಿಸಿತು. ಅವರಿಬ್ಬರ ನಡುವೆ ಹೋದ ಹಾಗಾಗುತ್ತದೆಂದು ಬಾಗಿಲಲ್ಲೇ ನಿಂತೆ. ನನ್ನನ್ನು ಕಂಡವನೇ ಕಣ್ಣೊರೆಸಿಕೊಂಡು, "ಹಸಿವಾತೇನವ್ವ? ಬಾ, ಉಣ್ಣೂಣು" ಅಂದ.

ಆಮೇಲೆ ಎಷ್ಟೋ ವರ್ಷ ನಾವು ಜೊತೆಗಿದ್ದೆವು. ಆ ಸಂಜೆ ಏನು ಮಾತಾಡಿದೆ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಹೀಗೆ ಕೇಳದೆ ಉಳಿದ ಮಾತು ನಿಮ್ಮಲ್ಲೂ ಒಂದಿರಬಹುದು. ಅಪ್ಪ ಹೋದ. ವಡಗಾವಿಯ ಮನೆಯನ್ನೂ ಕೆಡವಿದರು. ಹೋದ ಮಳೆಗಾಲದಲ್ಲಿ ಖಾನಾಪುರದ ಆ ಚರ್ಚಿಗೆ ಹೋಗಿ ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಕೂತೆ. ಕಸ ಗುಡಿಸುತ್ತಿದ್ದ ಹೆಂಗಸು ಹತ್ತಿರ ಬಂದು ಕೇಳಿದಳು.

"ಯಾರರ ಬರೋರು ಅದಾರೇನ್ರಿ?"

"ಇಲ್ರಿ, ಯಾರೂ ಇಲ್ಲ."

"ಇರ್ಲಿ, ಕುಂದರ್ರಿ" ಎಂದು ಅವಳು ನನ್ನ ಸುತ್ತಲಿನ ಜಾಗವಷ್ಟನ್ನೇ ಬಿಟ್ಟು ಗುಡಿಸುತ್ತ ಹೋದಳು.