ಗಣಪಕ್ಕನ ‘ಹೂಂ’

ಇವತ್ತು ಬೆಳಿಗ್ಗೆ ಅಡುಗೆಮನೆಯ ಕಿಟಕಿಗೆ ತೂಗುಹಾಕಿದ್ದ ನೀರುಳ್ಳಿ ಜಡೆಯಿಂದ ಕೊನೆಯ ಗಡ್ಡೆಯನ್ನು ಕಿತ್ತೆ. ಕೈಯಲ್ಲಿ ಉಳಿದದ್ದು ಒಣಗಿದ ಎಲೆಗಳ ಬರಿಯ ಹೆಣಿಗೆ. ಎಸೆಯಲು ಹೋದವಳು ಯಾಕೋ ಮೂಸಿ ನೋಡಿದೆ. ಒಣಹುಲ್ಲು, ಮರಳು, ಅದರ ಹಿಂದೆ ಒಂದಿಷ್ಟು ಸಿಹಿ ಘಾಟು. ಕುಮಟೆಯ ನೀರುಳ್ಳಿ ಹೆಚ್ಚುವವರ ಕಣ್ಣನ್ನು ಅಷ್ಟಾಗಿ ಕಾಡುವುದಿಲ್ಲ. ಹಾಗಾಗಿ ನನ್ನ ಕಣ್ಣು ಒದ್ದೆಯಾದದ್ದಕ್ಕೆ ಅದರ ಮೇಲೆ ತಪ್ಪು ಹೊರಿಸುವ ಅನುಕೂಲವೂ ಇರಲಿಲ್ಲ. ಹೆಣಿಗೆಯನ್ನು ತಂದು ಮೇಜಿನ ಮೇಲೆ, ಕಾದಂಬರಿಯ ಪ್ರತಿಯ ಪಕ್ಕದಲ್ಲಿಟ್ಟೆ.

‘ಕಾದಂಬರಿ’ ಎಂದು ಬರೆಯುವಾಗ ನನಗೆ ಈಗಲೂ ಸಂಕೋಚ. ಬರೆಯುತ್ತಿದ್ದೇನೆಂದು ನಾನು ಯಾರಿಗೂ ಹೇಳಿರಲಿಲ್ಲ. ರಜೆಗೆ ಭಟ್ಕಳದ ಮನೆಗೆ ಹೋದಾಗ ಬಾಗಿಲು ಹಾಕಿಕೊಂಡು ಕೂರುತ್ತಿದ್ದುದನ್ನು ನೋಡಿ, ನಾನು ಯಾವುದೋ ಪರೀಕ್ಷೆಗೆ ಓದುತ್ತಿದ್ದೇನೆಂದು ಅಮ್ಮ ತಿಳಿದುಕೊಂಡಿದ್ದಳು. ನಾನು ತಿದ್ದಲಿಲ್ಲ. ಪರೀಕ್ಷೆ ಯಾವಾಗ ಎಂದು ಕೇಳಿದಾಗಲೆಲ್ಲ, ಮುಂದೆ ಹೋಗಿದೆ ಎನ್ನುತ್ತಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಕತೆ ದೊಡ್ಡದೇನಲ್ಲ. ಭಟ್ಕಳದಲ್ಲಿ ಬಟ್ಟೆ ಹೊಲಿಯುವ ಶಾಂತಾ ಎಂಬವಳು, ಹೊನ್ನಾವರದಲ್ಲಿರುವ ಅವಳ ಅಕ್ಕ. ತೀರಿಹೋದ ತಾಯಿಯ ಹೊಲಿಗೆ ಯಂತ್ರ ಯಾರಿಗೆ ಎಂಬ ಮಾತಿಗೆ ಇಬ್ಬರೂ ಮಾತು ಬಿಟ್ಟಿದ್ದಾರೆ. ಒಂದು ದಿನ ಶಾಂತಾ ಬಸ್ಸು ಹತ್ತುತ್ತಾಳೆ. ಅಷ್ಟೆ. ಮೊದಲ ಸಲ ಬರೆಯುವಾಗ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಒಬ್ಬಳೇ ನಕ್ಕು ಕಂಡಕ್ಟರನ ಕಣ್ಣಿಗೆ ಸಿಕ್ಕಿಬಿದ್ದಿದ್ದೆ. ಕಷ್ಟ ಶುರುವಾದದ್ದು ತಿದ್ದುವಾಗ. ಎರಡು ಸಲ ತಿದ್ದಿ, ನನಗೆ ಪಾಠ ಹೇಳಿದ್ದ ಹೊನ್ನಾವರದ ನಿವೃತ್ತ ಮೇಷ್ಟ್ರೊಬ್ಬರಿಗೆ ಕೊಟ್ಟೆ. ಅವರು ಎರಡು ತಿಂಗಳು ಇಟ್ಟುಕೊಂಡು, ಕೊನೆಯ ಪುಟದ ಕೆಳಗೆ ಪೆನ್ಸಿಲಿನಲ್ಲಿ ಬರೆದು ಹಿಂದಿರುಗಿಸಿದರು: ಭಾಷೆ ಚೆನ್ನಾಗಿದೆ, ಓದುವಾಗ ನಡುವೆ ಎಲ್ಲೋ ನಾನು ದಾರಿ ತಪ್ಪಿದೆ, ಎಲ್ಲಿ ಎಂದು ಹೇಳಲು ಆಗುತ್ತಿಲ್ಲ.

ಆ ‘ಎಲ್ಲಿ’ಯನ್ನು ಹುಡುಕುವುದೇ ನನ್ನ ಕೆಲಸವಾಯಿತು. ಮೂರು ಬಣ್ಣದ ಶಾಯಿ ತಂದೆ. ದಿನಕ್ಕೆ ಇಷ್ಟು ಪುಟ ಎಂದು ಗೋಡೆಗೆ ಪಟ್ಟಿ ಅಂಟಿಸಿದೆ. ಪಟ್ಟಿಯನ್ನು ಮಾತ್ರ ಬಹಳ ಶ್ರದ್ಧೆಯಿಂದ ತಿದ್ದಿದೆ. ನಡುವಿನ ಅಧ್ಯಾಯಗಳನ್ನು ಓದಿ ಓದಿ, ಅಕ್ಷರ ಕಾಣುವುದೇ ಹೊರತು ಶಾಂತಾ ಕಾಣದ ಹಾಗಾಯಿತು. ಹೋದ ವರ್ಷ ಮಾರ್ಚ್ ಮುಗಿಯುವ ಹೊತ್ತಿಗೆ ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿ, ಕಾದಂಬರಿ ಕೈಬಿಟ್ಟಿದ್ದೇನೆಂದು ಮೇಷ್ಟ್ರಿಗೆ ಒಂದು ಕಾಗದ ಬರೆದೆ. ಲಕೋಟೆಯ ಬಾಯಿಯನ್ನೂ ಅಂಟಿಸಿದೆ. ಅಂಚೆಗೆ ಹಾಕುವುದೊಂದು ಬಾಕಿ ಇತ್ತು.

ಆಗ ನಾನು ಕಾಲೇಜಿನ ಕೆಲಸಕ್ಕೆಂದು ಕುಮಟೆಯ ಹತ್ತಿರದ ಬಾಡ ಎಂಬ ಹಳ್ಳಿಯಲ್ಲಿ ಒಂದು ಕೋಣೆ, ಅಡುಗೆಮನೆ ಬಾಡಿಗೆಗೆ ಹಿಡಿದಿದ್ದೆ. ಈಗಲೂ ಅಲ್ಲೇ ಇದ್ದೇನೆ. ಎದುರಿನ ಅಂಗಳ ಗಣಪಕ್ಕನದು. ಅರವತ್ತು ದಾಟಿದ, ಸಣ್ಣ ಮೈಕಟ್ಟಿನ, ಯಾವಾಗಲೂ ಏನನ್ನಾದರೂ ಕೈಯಲ್ಲಿ ಹಿಡಿದಿರುವ ಹೆಂಗಸು. ಬೇಸಿಗೆಯಲ್ಲಿ ಗದ್ದೆಯ ನೀರುಳ್ಳಿ ಕಿತ್ತು, ಎಲೆ ಬಾಡಲು ಬಿಟ್ಟು, ಅಂಗಳಕ್ಕೆ ತಂದು ಹೆಣೆಯುತ್ತಾಳೆ. ಹೆದ್ದಾರಿಯ ಬದಿಯಲ್ಲಿ ತೂಗುಹಾಕಿರುವ ಆ ಜಡೆಗಳನ್ನು ನೀವೂ ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಹಸಿ ಎಲೆ ಹೆಣೆದರೆ ಒಳಗೆ ಕೊಳೆಯುತ್ತದೆ, ತೀರ ಒಣಗಿದ್ದನ್ನು ಹೆಣೆದರೆ ಮುರಿಯುತ್ತದೆ. ಇದೆಲ್ಲ ನನಗೆ ಗೊತ್ತಾದದ್ದು, ಊರಿಗೆ ಹೋಗದೆ ಉಳಿದ ಆ ರಜೆಯಲ್ಲಿ ಬೇಸರ ಕಳೆಯಲು ಹೋಗಿ ನಾಲ್ಕು ಜಡೆ ಕೆಡಿಸಿದ ಮೇಲೆ.

ಗಣಪಕ್ಕ ಬೈಯಲಿಲ್ಲ. ಹೆಣೆಯಲು ಬಾರದವರು ಬಾಯಿಗಾದರೂ ಕೆಲಸ ಕೊಡಬೇಕು ಎಂದಳು. ಮೊದಲೆಲ್ಲ ಅವಳೂ ಅವಳ ನಾದಿನಿ ನಾಗಿಯೂ ಹಾಡುತ್ತ ಹೆಣೆಯುತ್ತಿದ್ದರಂತೆ. ಒಬ್ಬಳು ಒಂದು ಸಾಲು ಹೇಳಿದರೆ ಇನ್ನೊಬ್ಬಳು ಅದನ್ನೇ ಎತ್ತಿಕೊಂಡು ಹೇಳಬೇಕು. ಅಷ್ಟರಲ್ಲಿ ಮೊದಲಿನವಳಿಗೆ ಮುಂದಿನ ಸಾಲು ನೆನಪಾಗುತ್ತದೆ. ನಾಗಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಗಣಪಕ್ಕ ಹಾಡಿರಲಿಲ್ಲ.

“ಮರ್ತದ್ದಲ್ಲ ತಂಗಿ,” ಎಂದಳು. “ಎತ್ಕಳೂಕೆ ಜನ ಬೇಕಲ್ಲೆ. ಒಬ್ಳೇ ಹಾಡೂಕೆ ನಾನೆಂತ ರೇಡಿಯೋನಾ?”

ಹಾಡು ನನಗೆ ಬರುವುದಿಲ್ಲವೆಂದೆ. ಹಾಗಾದರೆ ಕತೆ ಹೇಳು ಎಂದಳು. ಕತೆಯೂ ಬರುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಒಳಗೆ ಹೋಗಿ ಟ್ರಂಕಿನ ತಳದಿಂದ ಆ ಕಟ್ಟನ್ನು ತಂದು, ಇದು ನನ್ನ ಗೆಳತಿಯೊಬ್ಬಳು ಬರೆದದ್ದು ಎಂದು ಹೇಳಿ ಓದತೊಡಗಿದೆ.

ಈ ಊರಲ್ಲಿ ಕತೆ ಕೇಳುವುದಕ್ಕೆ ಒಂದು ಕ್ರಮವಿದೆ. ಕೇಳುವವರು ಮಾತು ಮಾತಿಗೆ ‘ಹೂಂ’ ಎನ್ನಬೇಕು. ಹೂಂ ನಿಂತರೆ ಹೇಳುವವರು ಕತೆ ನಿಲ್ಲಿಸಬೇಕು. ಕೇಳುವವರಿಗೆ ನಿದ್ದೆ ಬಂದಿರಬಹುದು, ಇಲ್ಲವೆ ಹೇಳುವವರೇ ಕತೆ ಬಿಟ್ಟು ಎಲ್ಲೋ ಹೋಗಿಬಿಟ್ಟಿರಬಹುದು. ಗಣಪಕ್ಕನ ಹೂಂ ಅವಳ ಬೆರಳಿನ ಜೊತೆಗೇ ಬರುತ್ತಿತ್ತು: ಒಂದು ಗಡ್ಡೆ ಸೇರಿಸಿ ಒಂದು ಸುತ್ತು, ಒಂದು ಹೂಂ. ನಾನು ತಲೆಯೆತ್ತದೆ ಓದುತ್ತಿದ್ದೆ. ಶಾಂತಾ ಅಂಗಡಿಗೆ ಬೀಗ ಹಾಕಿದಾಗ ಹೂಂ. ಬಸ್ಸಿನಲ್ಲಿ ಸೀಟು ಸಿಗದೆ ನಿಂತಾಗ ಸ್ವಲ್ಪ ಉದ್ದದ ಹೂಂ. ಮೂರು ದಿನ ಹೀಗೆ ನಡೆಯಿತು. ಆರು ವರ್ಷ ಬಾಗಿಲು ಹಾಕಿಕೊಂಡು ಬರೆದವಳಿಗೆ ಆ ಸಣ್ಣ ಸದ್ದು ಏನು ಮಾಡಿತೆಂದು ಹೇಳುವುದು ಕಷ್ಟ.

ನಾಲ್ಕನೆಯ ದಿನ ನನ್ನ ಅತ್ಯಂತ ಪ್ರೀತಿಯ ಅಧ್ಯಾಯ ಬಂತು. ಶಾಂತಾ ಶರಾವತಿ ಸೇತುವೆಯ ಹತ್ತಿರ ಬಸ್ಸಿನಿಂದ ಇಳಿಯುತ್ತಾಳೆ, ಹೊಳೆ ಸಮುದ್ರ ಸೇರುವುದನ್ನು ನೋಡುತ್ತಾಳೆ. ಇಪ್ಪತ್ತೆರಡು ಪುಟ. ಕಾದಂಬರಿಯ ಉಳಿದ ಭಾಗವೆಲ್ಲ ಕೆಟ್ಟದ್ದೆಂದರೂ ಇದೊಂದು ನನ್ನನ್ನು ಉಳಿಸುತ್ತದೆಂದು ನಂಬಿದ್ದೆ. ಎರಡನೆಯ ಪುಟಕ್ಕೆ ಹೂಂ ತೆಳುವಾಯಿತು. ನಾಲ್ಕನೆಯದಕ್ಕೆ ನಿಂತಿತು. ಕ್ರಮದಂತೆ ನಾನು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಗಣಪಕ್ಕ ಎದ್ದು ಹೋಗಿ ದನಕ್ಕೆ ನೀರಿಟ್ಟು ಬಂದಳು. ಬಂದಾಗ ನಾನು ಇನ್ನೂ ಹೊಳೆಯಲ್ಲೇ ಇದ್ದೆ.

“ನಿನ್ನ ಗೆಳತಿಗೆ ಹೊಳೆ ಅಂದ್ರೆ ಭಾರೀ ಪ್ರೀತಿ ಕಾಣ್ತದೆ,” ಎಂದಳು. “ಹೊಳೆ ಅಲ್ಲೇ ಇರ್ತದೆ ಮಾರಾಯ್ತಿ, ಎಲ್ಲಿಗೂ ಹೋಗುದಿಲ್ಲ. ಆ ಹೊಲಿಗೆಯವಳು ಎಲ್ಲಿ ಹೋದ್ಲು? ಅಕ್ಕನ ಮನೆ ಬಾಗಿಲು ತಟ್ಟಿದ್ಲಾ ಇಲ್ಲಾ?”

ನಗುತ್ತ ಗೆಳತಿಗೆ ಹೇಳುತ್ತೇನೆಂದು ಎದ್ದುಬಂದೆ. ಕೋಣೆಗೆ ಬಂದು ಬಾಗಿಲು ಹಾಕಿ ಅತ್ತೆ. ಮರುದಿನ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಹಳ್ಳಿಯ ಹೆಂಗಸಿಗೆ ವರ್ಣನೆಯ ಸೊಗಸು ಏನು ಗೊತ್ತು ಎಂದು ನನ್ನ ಮನಸ್ಸು ಒಮ್ಮೆ ಹೇಳಿತು. ಎಂ.ಎ. ಓದಿದ ಮನಸ್ಸು ಎಷ್ಟು ಸಣ್ಣದಾಗಬಲ್ಲದೆಂದು ತಿಳಿಯಿತು. ಇವತ್ತಿಗೂ ಆ ಯೋಚನೆಗೆ ನಾಚಿಕೆಯಿದೆ. ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಅಂಚೆಪೆಟ್ಟಿಗೆಯ ಕಡೆಗೆ ಹೊರಟೆ.

ದಾರಿ ಗಣಪಕ್ಕನ ಅಂಗಳದ ಪಕ್ಕದಲ್ಲೇ. ಅವಳು ಒಂದು ಜಡೆಯನ್ನು ಬಿಚ್ಚುತ್ತ ಕೂತಿದ್ದಳು. ನಾನು ಹೆಣೆದದ್ದೇ. ಕೆಡಿಸಿದ ನಾಲ್ಕರ ನಂತರ, ಇದು ಸರಿಯಾಯಿತೆಂದು ಬೀಗಿದ್ದ ಐದನೆಯದು. ನಡುವೆ, ಎಲ್ಲರಿಗೂ ಕಾಣುವ ಹಾಗೆ, ದಪ್ಪನೆಯ ಚೆಂದದ ಒಂದು ಗಡ್ಡೆ ಸೇರಿಸಿದ್ದೆ. ಅದು ಹೂ ಬಿಟ್ಟ ನೀರುಳ್ಳಿ ಎಂದಳು. ಹೂವಿನ ದಂಟು ಗಡ್ಡೆಯ ಒಳಗೇ ಬೆಳೆದಿರುತ್ತದೆ. ನೋಡಲು ದೊಡ್ಡದು, ಕೊಳೆಯುವುದು ಎಲ್ಲಕ್ಕಿಂತ ಮೊದಲು, ಪಕ್ಕದವನ್ನೂ ಕೊಳೆಸುತ್ತದೆ. ಅಷ್ಟು ಹೊತ್ತಿನ ಕೆಲಸ ಹಾಳಾಯಿತಲ್ಲ ಎಂದೆ, ನಿಜಕ್ಕೂ ಬೇಸರದಿಂದ.

“ಬಿಚ್ಚಿದ್ರೆ ಎಂತ ಆತು? ನೀರುಳ್ಳಿ ಎಲ್ಲ ಇಲ್ಲೇ ಇವೆಯಲ್ಲೆ.” ಆ ಗಡ್ಡೆಯನ್ನು ನನ್ನ ಕೈಗಿಟ್ಟಳು. “ಇದನ್ನ ಇವತ್ತೇ ಹುಳಿಗೆ ಹಾಕು. ರುಚಿಗೇನೂ ಅಡ್ಡಿಲ್ಲ, ಜಡೆಗೆ ಆಗುದಿಲ್ಲ ಅಷ್ಟೆ.” ಜಡೆ ಬಿಚ್ಚುತ್ತಲೇ, ತಲೆಯೆತ್ತದೆ, “ನಿನ್ನ ಗೆಳತಿ ಬರೀತೇ ಇದ್ದಾಳಾ?” ಎಂದು ಕೇಳಿದಳು.

ಇದ್ದಾಳೆ ಎಂದೆ. ಅಂಚೆಗೆ ಹೋಗದೆ ಹಿಂದಕ್ಕೆ ತಿರುಗಿದೆ.

ಅಂದು ಹೊಳೆಯ ಅಧ್ಯಾಯವನ್ನು ಪೂರ್ತಿ ಕಿತ್ತೆ. ಮೇಷ್ಟ್ರು ಹೇಳಿದ್ದ ‘ಎಲ್ಲಿ’ ಎಂಬುದರ ಗುರುತು ಸಿಕ್ಕಿತ್ತು. ಅಲ್ಲಿಂದ ಒಂದು ವರ್ಷ, ತಿದ್ದಿದ್ದನ್ನೆಲ್ಲ ಗಣಪಕ್ಕನಿಗೆ ಓದಿದೆ. ಮಳೆಗಾಲದಲ್ಲಿ ಜಡೆಯಿಲ್ಲ, ಅವಳ ಜಗಲಿಯಲ್ಲಿ ಭಾನುವಾರ ಬೀಜ ಹಸನು ಮಾಡುವ ಕೆಲಸ, ಜೊತೆಗೆ ಹೂಂ. ಹೂಂ ನಿಂತಲ್ಲಿ ನಾನೂ ನಿಲ್ಲಿಸಿ ಅಂಚಿನಲ್ಲಿ ಪೆನ್ಸಿಲಿನ ಚುಕ್ಕೆ ಇಡುತ್ತಿದ್ದೆ. ಚುಕ್ಕೆಗಳನ್ನು ಬಹಳ ಗಂಭೀರವಾಗಿ ಅಧ್ಯಯನ ಮಾಡುತ್ತಿದ್ದಾಗ ಅವಳ ಸೊಸೆ ಒಂದು ದಿನ ನಕ್ಕು, ಅತ್ತೆ ಕೂತಲ್ಲೇ ನಿದ್ದೆ ಮಾಡುತ್ತಲೂ ಹೂಂ ಎನ್ನುತ್ತಾರೆ ಎಂದುಬಿಟ್ಟಳು. ಅಂದಿನಿಂದ ನನ್ನ ಶಾಸ್ತ್ರ ಸ್ವಲ್ಪ ಸಡಿಲವಾಯಿತು. ಆದರೆ ಬರೆಯಲು ಕೂತಾಗ ಭಾನುವಾರ ಯಾರೋ ಕಾಯುತ್ತಿರುತ್ತಾರೆ ಎನ್ನುವುದು ಸಡಿಲವಾಗಲಿಲ್ಲ. ಗೋಡೆಯ ಪಟ್ಟಿ ಯಾವಾಗ ಕಳಚಿಬಿತ್ತೋ ನೆನಪಿಲ್ಲ.

ಹೋದ ವಾರ ಕೊನೆಯ ಅಧ್ಯಾಯ ಓದಿದೆ. ಶಾಂತಾ ಅಕ್ಕನ ಮನೆಯ ಬಾಗಿಲು ತಟ್ಟುತ್ತಾಳೆ. ಒಳಗೆ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತದೆ. ನಾನೂ ನಿಲ್ಲಿಸಿದೆ. ಹೂಂ ಬರಲಿಲ್ಲ. ತಲೆಯೆತ್ತಿದರೆ ಗಣಪಕ್ಕನ ಕೈಯೂ ನಿಂತಿತ್ತು. ಒಂದು ವರ್ಷದಲ್ಲಿ ಅವಳ ಕೈ ಬರಿದೇ ನಿಂತದ್ದನ್ನು ನಾನು ನೋಡಿರಲಿಲ್ಲ.

“ಆತು,” ಎಂದಳು ಕೊನೆಗೆ. “ಇನ್ನು ಮುಟ್ಬೇಡ ಅದನ್ನ.”

ಗೆಳತಿ ಬರೆದದ್ದು ಎಂದು ಸುಳ್ಳು ಹೇಳಿದ್ದೆ, ಬರೆದದ್ದು ನಾನೇ ಎಂದೆ. ಹೊಳೆಯ ಮಾತಾಡಿದ ಮೇಲೆ ನೀನು ಎರಡು ದಿನ ಈ ಕಡೆ ಬರಲಿಲ್ಲ, ಗೆಳತಿಯ ಕತೆಗೆ ಯಾರೂ ಹಾಗೆ ಮುನಿಸಿಕೊಳ್ಳುವುದಿಲ್ಲ ಎಂದು ಹೇಳಿ ಅವಳು ಮತ್ತೆ ಜಡೆಗೆ ಕೈಹಾಕಿದಳು.

ಕಾದಂಬರಿಯ ಪ್ರತಿ ನಾಳೆ ಪ್ರಕಾಶಕರಿಗೆ ಹೋಗುತ್ತದೆ. ಅವರು ಏನೆನ್ನುತ್ತಾರೋ ಗೊತ್ತಿಲ್ಲ. ಹೊಳೆಯ ಇಪ್ಪತ್ತೆರಡು ಪುಟ ಟ್ರಂಕಿನಲ್ಲಿದೆ, ಅಂಚೆಗೆ ಹಾಕದ ಲಕೋಟೆಯೂ ಅದರ ಜೊತೆಗಿದೆ. ಅಮ್ಮನಿಗೆ ಫೋನು ಮಾಡಿ, ಅದು ಪರೀಕ್ಷೆಯಲ್ಲ, ಕಾದಂಬರಿ ಎಂದು ಹೇಳಿದೆ. ಅವಳು, “ಮುಗೀತಾ?” ಎಂದಳು. ಮುಗಿಯಿತು ಎಂದೆ.

ಇಷ್ಟು ಬರೆಯುವ ಹೊತ್ತಿಗೆ ಬಿಸಿಲು ಅಂಗಳಕ್ಕಿಳಿದಿದೆ. ಎದುರಿಗೆ ಈ ವರ್ಷದ ನೀರುಳ್ಳಿಯ ರಾಶಿ, ಅದರ ಹಿಂದೆ ಗಣಪಕ್ಕ. ನಿನ್ನೆ ಸಂಜೆ ಅವಳನ್ನು ಒಂದು ಮಾತು ಕೇಳಿದ್ದೆ: ನನಗೆ ರಾಗವಿಲ್ಲ, ಆದರೂ ನಿನ್ನ ಹಾಡಿನ ಸಾಲು ಎತ್ತಿಕೊಳ್ಳಲು ಪ್ರಯತ್ನ ಮಾಡಲೇ? ರಾಗ ನಾಗಿಗೂ ಇರಲಿಲ್ಲ ಎಂದಿದ್ದಳು. ಇವತ್ತು ಮೊದಲ ಸಲ ಕೈಯಲ್ಲಿ ಕಾಗದವಿಲ್ಲದೆ ಹೋಗುತ್ತಿದ್ದೇನೆ. ಅವಳು ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಳೆ. ಮೊದಲ ಸಾಲು ಮುಗಿಯುವುದರೊಳಗೆ ನಾನು ಅಲ್ಲಿರಬೇಕು.